ಗಂಟಲ ಮೇಲಿನ ಗೆರೆ

ಯಲ್ಲದಕೆರೆಯಲ್ಲಿ ಬಸ್ಸಿಳಿದ ಪ್ಯಾರಿ ಬೀ, ಜುಂಜಮ್ಮನ ಮನೆ ಯಾವುದೆಂದು ಕೇಳಿಕೊಂಡು ಬಂದಾಗ ಆಕೆ ಕುರಿರೊಪ್ಪದ ಕಸ ಗುಡಿಸುತ್ತಿದ್ದಳು. ಸೊಂಟ ಬಗ್ಗಿತ್ತು, ಕುತ್ತಿಗೆ ಮಾತ್ರ ಬಗ್ಗಿರಲಿಲ್ಲ. ಪ್ಯಾರಿ ಬೀ ಅದನ್ನೇ ನೋಡುತ್ತ ಬೇಲಿಯ ಹತ್ತಿರ ನಿಂತುಬಿಟ್ಟಳು.

“ಯಾರವ್ವ?” ಜುಂಜಮ್ಮ ಮುಖದ ಬದಲು ಇಡೀ ಮೈಯನ್ನೇ ಇತ್ತ ತಿರುಗಿಸಿದಳು.

“ಹಿರಿಯೂರಿಂದ ಬಂದೆ ಅಕ್ಕ, ಬಳೆಗಾರ್ತಿ. ನಿಮಗಾದ ಆಪರೇಷನ್ನೇ ನಂಗೂ ಮಾಡ್ಬೇಕಂತೆ. ಒಂದ್ಸಲ ನಿಮ್ಮನ್ನ ನೋಡಿ ಬಾ ಅಂತ ಆಸ್ಪತ್ರೆ ನರ್ಸಮ್ಮ ಹೇಳಿದ್ರು.”

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಮರುವರ್ಷ ಅದು. ಕುತ್ತಿಗೆಯ ಎಲುಬು ಸವೆದು, ನರ ಅಮುಕಿ, ಪ್ಯಾರಿ ಬೀಯ ಎರಡೂ ಕೈಯ ಬೆರಳುಗಳು ಮರಗಟ್ಟಿ ಹೋಗಿದ್ದವು. ಬಸುರಿ ಹುಡುಗಿಯೊಬ್ಬಳಿಗೆ ಹಸಿರು ಬಳೆ ತೊಡಿಸುವಾಗ ತಾನು ಎಷ್ಟು ಒತ್ತುತ್ತಿದ್ದೇನೆಂದೇ ತಿಳಿಯದೆ, ಬಳೆಗಳು ಒಡೆದು ಆ ಹುಡುಗಿಯ ಮುಂಗೈಯಲ್ಲಿ ರಕ್ತ ಜಿನುಗಿತ್ತು. ಯಾರೂ ಬೈಯಲಿಲ್ಲ. ಆದರೆ ಆಮೇಲೆ ಆ ಬೀದಿಯವರು ಯಾರೂ ಅವಳನ್ನು ಕರೆಯಲೂ ಇಲ್ಲ. ಹೀಗೇ ಬಿಟ್ಟರೆ ಕಾಲೂ ಹೋಗುತ್ತದೆ ಎಂದಿದ್ದರು ಬೆಂಗಳೂರಿನ ಡಾಕ್ಟರು. ಸೊಂಟದಿಂದ ಎಲುಬಿನ ಚೂರು ತೆಗೆದು ಕುತ್ತಿಗೆಯ ಎಲುಬುಗಳ ನಡುವೆ ಕೂರಿಸಬೇಕು, ಎರಡೂ ಬೆಸೆದುಕೊಳ್ಳುತ್ತವೆ. ಕೊಯ್ಯುವುದು ಮಾತ್ರ ಮುಂದಿನಿಂದ, ಗಂಟಲ ಕಡೆಯಿಂದ. ಆ ಮಾತು ಕೇಳಿದಂದಿನಿಂದ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಜುಂಜಮ್ಮ ಜಗಲಿಯ ಮೇಲೆ ಕಂಬಳಿ ಹಾಸಿದಳು. “ಕುಂತ್ಕಳವ್ವ. ಮನೇಲಿ ಏನಂತಾರೆ?”

“ಮುಳ್ಳು ತೆಗೆದಂಗೆ ತೆಗೀತಾರೆ, ನಿಂಗೇನೂ ಗೊತ್ತಾಗಲ್ಲ ಅಂತಾರೆ ನಮ್ಮ ಮನೆಯವರು. ಅವರು ಹಂಗಂದಾಗೆಲ್ಲ ಎದೆ ಇನ್ನೂ ಹೊಡ್ಕಂತೈತೆ. ಗಂಟಲು ಕೊಯ್ಸಿಕೊಂಡ ಮೇಲೆ ಬದುಕಿದ್ದನ್ನ ಯಾರು ಕಂಡವ್ರೆ ಅಕ್ಕ?”

“ನಾನೂ ಅದನ್ನೇ ಕೇಳಿದ್ದೆ ಕಣವ್ವ. ಕುರಿ ಕುಯ್ಯೋದು ನೋಡ್ಕಂಡು ಬೆಳೆದೋಳು ನಾನು.” ಜುಂಜಮ್ಮ ಸೆರಗು ಸರಿಸಿ ಗಂಟಲು ತೋರಿಸಿದಳು. ಚರ್ಮದ ಮಡಿಕೆಯ ಜೊತೆಗೆ ಬೆರೆತುಹೋಗಿದ್ದ ಒಂದು ತೆಳ್ಳನೆಯ ಗೆರೆ. “ಮುಟ್ಟಿ ನೋಡು.”

ಪ್ಯಾರಿ ಬೀ ಮುಟ್ಟಿದಳು. ಕಣ್ಣಿಗೆ ಕಂಡ ಗೆರೆ ಬೆರಳಿಗೆ ತಿಳಿಯಲಿಲ್ಲ.

“ನಂಗೆ ಯಾರೂ ಹೇಳದೇ ಇದ್ದದ್ದ ನಿಂಗೆ ಹೇಳ್ತೀನಿ, ಕೇಳು. ಎಚ್ಚರ ಆದಾಗ ಕುತ್ತಿಗೆಗಿಂತ ಸೊಂಟ ನೋಯ್ತೈತೆ, ಜೀವ ಹೋದಂಗೆ. ಉಗುಳು ನುಂಗಕ್ಕೂ ಆಗಲ್ಲ, ಗಂಜಿನ ಗುಟುಕು ಗುಟುಕಾಗಿ ಕುಡೀಬೇಕು. ದನಿ ಹೂತು ಹೋಗ್ತೈತೆ. ನಂದು ಹೋಯ್ತು ಅಂತ್ಲೇ ಅಂದ್ಕಂಡಿದ್ದೆ, ಆಮೇಲೆ ನಿಧಾನಕ್ಕೆ ಬಂತು. ಕುತ್ತಿಗೆಗೆ ಪಟ್ಟಿ ಹಾಕ್ತಾರೆ, ಅದರೊಳಗೆ ಬೆವರಿ ನವೆ ಅಂದ್ರೆ ನವೆ. ಅಳೋದಿದ್ರೆ ಮುಂಚೇನೇ ಅತ್ತು ಮುಗಿಸ್ಕ. ಆಮೇಲೆ ಅತ್ತರೆ ಗಂಟಲು ಎಳೀತೈತೆ.”

“ಕೈಗೆ ಜೀವ ಬರ್ತೈತಾ?”

ಜುಂಜಮ್ಮ ಎಡಗೈ ಮುಂದೆ ಚಾಚಿದಳು. “ಈ ಎರಡು ಬೆರಳಿಗೆ ಇನ್ನೂ ಬಂದಿಲ್ಲ. ಮಿಕ್ಕಿದ್ದು ಬಂದವೆ. ನಿಂಗೆ ಎಷ್ಟು ಬರ್ತೈತೋ ನಾನು ಹೆಂಗೆ ಹೇಳ್ಲಿ? ಸುಳ್ಳು ಹೇಳಾಕೆ ನಂಗೆ ಬಾಯಿ ಬರಲ್ಲ.”

ತಿರುಗಿ ಹೋಗುವ ಬಸ್ಸಿನಲ್ಲಿ ಪ್ಯಾರಿ ಬೀ ಕಿಟಕಿಗೆ ಮುಖ ಮಾಡಿ ಅತ್ತಳು, ಹಿರಿಯೂರು ಬರುವ ತನಕ ಅತ್ತಳು. ಮನೆಗೆ ಬಂದವಳು ಎಷ್ಟೋ ದಿನಗಳ ಮೇಲೆ ತಾನೇ ತಟ್ಟೆ ತೆಗೆದುಕೊಂಡು ಊಟಕ್ಕೆ ಕೂತಳು. ಹೋಗಿದ್ದೆಲ್ಲಿಗೆ ಎಂದು ಕೇಳಬೇಕೆಂದಿದ್ದ ಗಂಡ ಜಹಾಂಗೀರ್, ಅವಳು ಉಣ್ಣುವುದನ್ನು ನೋಡಿ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ.

ಆಪರೇಷನ್ನಿನ ಬೆಳಿಗ್ಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಅದು ಗುರುತಿನ ಹೆದರಿಕೆಯಾಗಿತ್ತು. ಎಚ್ಚರವಾದಾಗ ಸೊಂಟ ಕಿತ್ತುಹೋಗುವಷ್ಟು ನೋಯುತ್ತಿತ್ತು. ‘ಹೇಳಿದ್ದಳಲ್ಲ’ ಎಂದುಕೊಂಡು ಹಲ್ಲು ಕಚ್ಚಿದಳು. ದನಿ ಹೂತುಹೋಯಿತು, ಅದಕ್ಕೂ ಅವಳು ಗಾಬರಿಯಾಗಲಿಲ್ಲ. ಕಳಿಸಿಕೊಡುವಾಗ ಡಾಕ್ಟರು, “ಇನ್ನು ಹಾಳಾಗೋದು ನಿಲ್ಲುತ್ತೆ. ಹೋಗಿರೋದು ವಾಪಸ್ ಬರುತ್ತೋ ಇಲ್ಲವೋ ಕಾದು ನೋಡೋಣ” ಎಂದರು.

ಕಾದರು. ಬಳೆಯ ಗಂಟು ಹೊತ್ತು ಸಂತೆಗೆ ಹೋಗುವುದರ ಜೊತೆಗೆ ಜಹಾಂಗೀರ್ ಮನೆಯಲ್ಲಿ ರೊಟ್ಟಿ ಬಡಿಯುವುದನ್ನೂ ಕಲಿತ. ಅವನ ರೊಟ್ಟಿ ಯಾವತ್ತೂ ದುಂಡಗೆ ಬರಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಪ್ಯಾರಿ ಬೀ ಪಕ್ಕದಲ್ಲಿ ಕೂತು, ಸದ್ದು ವಾಸನೆಗಳಿಂದಲೇ ಅಂದಾಜಿಸಿ, ಒರಟು ದನಿಯಲ್ಲಿ “ನೀರು ಜಾಸ್ತಿ ಆಯ್ತು”, “ಈಗ ಮಗುಚಿ” ಎನ್ನುತ್ತಿದ್ದಳು. ದನಿ ದಿನದಿಂದ ದಿನಕ್ಕೆ ತಿಳಿಯಾಯಿತು. ಬೆರಳುಗಳು ಮಾತ್ರ ಹಾಗೇ ಇದ್ದವು, ಬೇರೆ ಯಾರದೋ ಬೆರಳುಗಳನ್ನು ತಂದು ಜೋಡಿಸಿದ ಹಾಗೆ.

ಶ್ರಾವಣದ ಒಂದು ಬೆಳಿಗ್ಗೆ ಹೆಂಚಿನ ಮೇಲೆ ರೊಟ್ಟಿ ಹಾಕಿದ್ದಾಗ ಹೊರಗೆ ಯಾರೋ ಕೂಗಿದರು. ಜಹಾಂಗೀರ್ ಎದ್ದು ಹೋದ. ರೊಟ್ಟಿ ಸೀದ ವಾಸನೆ ಬಂತು. ಕುತ್ತಿಗೆಯ ಪಟ್ಟಿ ಬಗ್ಗಲು ಬಿಡದ್ದರಿಂದ ಪ್ಯಾರಿ ಬೀಗೆ ಕೆಳಗಿದ್ದ ಒಲೆ ಕಾಣಿಸುತ್ತಿರಲಿಲ್ಲ. ಅಂದಾಜಿನ ಮೇಲೆ ಕೈ ಚಾಚಿ, ರೊಟ್ಟಿಯ ಅಂಚಿಗಾಗಿ ತಡಕಿದಳು. ಕೈ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಹಾರಿತು. ಏನಾಯಿತೆಂದು ಅವಳಿಗೆ ಚಣಹೊತ್ತು ತಿಳಿಯಲೇ ಇಲ್ಲ. ಬೆರಳ ತುದಿಗಳನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನೋಡಿದಳು.

ಒಳಗೆ ಬಂದ ಜಹಾಂಗೀರ್ ಅವಳ ಕೆಂಪಾದ ಬೆರಳು ಕಂಡವನೇ ಚೊಂಬು ಬಗ್ಗಿಸಿ ಕೈಗೆ ನೀರು ಹಾಕಲು ಬಂದ. ಅವಳು ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

“ತಡೀರಿ,” ಎಂದಳು, “ಇನ್ನೊಂಚೂರು ಉರೀಲಿ.”