ಬಿಳಿ ದ್ರಾಕ್ಷಿಯ ಶರಬತ್ತು

ಹಿಸುಕಿದ ಬಿಳಿ ದ್ರಾಕ್ಷಿಯ ಪಾತ್ರೆಗೆ ಶೀಲಾವತಿ ಲಿಂಬೆಹುಳಿ ಹಿಂಡಿಬಿಟ್ಟಳು. ಹೆಚ್ಚಿದ ಬಾಳೆದಿಂಡು ಕಪ್ಪಾಗದಿರಲೆಂದು ದಿನಾ ಹಿಂಡುವ ಕೈ, ಇಲ್ಲೂ ತಾನಾಗಿ ಹಿಂಡಿತ್ತು. ತಪ್ಪು ತಿಳಿದು ಅವಳು ಲಿಂಬೆಹೋಳನ್ನು ತಟ್ಟನೆ ಆಚೆ ಎಸೆದಳು. ಮುಂಬಯಿಯ ವಡಾಲದ ತಮ್ಮ ಹೋಟೆಲಿಗೆ ಹೆಸರು ತರುವ ಶರಬತ್ತಿಗೆ ಇದು ಕೊನೆಯ ಪ್ರಯತ್ನ. ಹಿಂದೆಲ್ಲ ರಸ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು; ಅದನ್ನು ಮುಚ್ಚಲು ಹಸಿರು ಬಣ್ಣ ಬೆರೆಸಿದರೆ ಗಿರಾಕಿಗಳು ಔಷಧವೆಂದು ನಕ್ಕಿದ್ದರು. ಈ ಸಲವೂ ಕೆಟ್ಟರೆ ಶರಬತ್ತಿನ ಮೇಜು ಪಾನ್‌ವಾಲಾನಿಗೆ, ನೀನು ಮತ್ತೆ ಹಿಟ್ಟು ರುಬ್ಬಲಿಕ್ಕೆ ಎಂದು ಗಂಡ ಮೋನಪ್ಪ ಹೇಳಿಯಾಗಿತ್ತು.

ಲಿಂಬೆ ಬಿದ್ದ ರಸ ಸೋಸಿದಾಗ ಕಂದಿರಲಿಲ್ಲ, ತಿಳಿಯಾಗಿತ್ತು. ಮೋನಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದ.

"ಇದೆಂಥದು ಮಾರಾಯ್ತಿ, ಎಳನೀರಾ?"

"ಕುಡಿದು ಹೇಳಿ."

ಕುಡಿದವನು ಇನ್ನೊಂದು ಗ್ಲಾಸಿಗೆ ಕೈ ಚಾಚಿದ. "ಲಾಯ್ಕುಂಟು! ಸರಕಾರ ಕಳ್ಳು-ದಾರು ಬಂದ್ ಮಾಡಿದ ಈ ಊರಿಗೆ ಇದೇ ಸಾಕು. ಆದರೆ ನೀರಿನ ಹಾಗೆ ಕಂಡರೆ ಯಾರು ದುಡ್ಡು ಕೊಡ್ತಾರೆ? ನಾಳೆ ಸ್ವಲ್ಪ ಹಸಿರು ಹಾಕು, ಆಯ್ತಾ?"

ಅವನು ಗಲ್ಲಾಪೆಟ್ಟಿಗೆಯತ್ತ ಹೋದ ಮೇಲೆ ಶೀಲಾವತಿ ಹಸಿರು ಬಣ್ಣದ ಸೀಸೆಯನ್ನು ಮೋರಿಗೆ ಬಗ್ಗಿಸಿದಳು. ಚೆನ್ನಾಗಿ ತೊಳೆದು, ಅದರ ತುಂಬ ಲಿಂಬೆರಸ ಹಿಂಡಿ, ಮತ್ತೆ ಅದೇ ಜಾಗದಲ್ಲಿಟ್ಟಳು.