ಹದಿನೇಳನೇ ನಂಬರ್

ಯಾರೂ ಕೇಳುವ ಮೊದಲೇ ಗದ್ದೆಮ್ಮ ಕುಪ್ಪಸದ ತೋಳು ಮೇಲೆ ಸರಿಸಿ ಕೈ ಚಾಚಿದಳು. "ಈ ಸಲ ಒಂದೀಟು ಜಾಸ್ತೀನ ತಗೀ ನನ್ನವ್ವಾ. ಹೋದ ವರ್ಷ ನೀ ಕೆಟ್ಟ ರಕ್ತ ತಗದ ಮ್ಯಾಲ ಎಷ್ಟು ಹಗುರಾಗಿದ್ದೆ!"

ಸಿರಿಂಜ್ ಹಿಡಿದಿದ್ದ ಕಸ್ತೂರಿಯ ಕೈ ನಿಂತಿತು. ಗುರುಗುಂಟಾ ಊರಿನ ಆ ಮನೆಯ ಕಟ್ಟೆಯ ಮೇಲೆ, ಪಕ್ಕದಲ್ಲೇ, ಅವಳ ಸಂಶೋಧನೆಯ ಗೈಡ್ ಡಾ. ಹಂಪಣ್ಣ ಕುಳಿತಿದ್ದರು. ತಂಬಾಕು ಇಟ್ಟು ಇಟ್ಟು ಬಾಯಲ್ಲಿ ಕ್ಯಾನ್ಸರ್ ಹುಣ್ಣಾದವರ ರಕ್ತವನ್ನು ಬೆಂಗಳೂರಿನ ಲ್ಯಾಬಿಗೆ ಒಯ್ದು, ಅದರ ಬಿಳಿಕಣಗಳು ಕ್ಯಾನ್ಸರಿನ ಜೀವಕೋಶಗಳನ್ನು ಎಷ್ಟು ಕೊಲ್ಲುತ್ತವೆ ಎಂದು ನೋಡುವುದು ಕಸ್ತೂರಿಯ ಪಿಎಚ್.ಡಿ. ವಿಷಯ. ಮೂವತ್ತೊಂದು ಜನರಲ್ಲಿ ಹದಿನೇಳನೇ ನಂಬರಿನ ಕಣಗಳಷ್ಟು ಜೋರಾಗಿ ಯಾರವೂ ಕಾದಾಡಿರಲಿಲ್ಲ. ದೆಹಲಿಯ ಸಮ್ಮೇಳನದಲ್ಲಿ ಗ್ರಾಫಿನ ಆ ಒಂದು ಗೆರೆಗೇ ಚಪ್ಪಾಳೆ ಬಿದ್ದಿತ್ತು. ಆ ಹದಿನೇಳನೇ ನಂಬರ್ ಈ ಗದ್ದೆಮ್ಮ. ಅವಳನ್ನು ಕಣ್ಣಾರೆ ನೋಡಬೇಕೆಂದೇ ಹಂಪಣ್ಣ ಜೀಪು ಹತ್ತಿ ಬಂದಿದ್ದರು.

ಗದ್ದೆಮ್ಮನ ಎಡಗೆನ್ನೆ ಈಗ ಊದಿ ಕೆಂಪಗಾಗಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ.

"ದವಾಖಾನಿಗೆ ಹೋಗಿಲ್ಲೇನು ಯಮ್ಮಾ?" ಹಂಪಣ್ಣ ಮೆಲ್ಲಗೆ ಕೇಳಿದರು.

"ಯಾಕ ಹೋಗ್ಲಿರೀ? ಈಕಿನ ಇಲಾಜ್ ಮಾಡ್ಯಾಳಲ್ಲ. ಚೀಟಿನೂ ಕೊಟ್ಟಾಳ." ಗದ್ದೆಮ್ಮ ಒಳಗೆ ಹೋಗಿ ದೇವರ ಜಗಲಿಯಿಂದ ಒಂದು ಕಾಗದ ತಂದಳು. ಅದರ ತುಂಬ ಭಂಡಾರದ ಹಳದಿ. "ದಿನಾ ಕಣ್ಣಿಗೊತ್ತಿಗೊಂತೀನಿ."

ಅದು ರಾಯಚೂರಿನ ಆಸ್ಪತ್ರೆಗೆ ಬರೆದ ಚೀಟಿ. ಒಂದು ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಅದರಲ್ಲಿತ್ತು.

ಕಸ್ತೂರಿಗೆ ತಲೆಯೆತ್ತಲಾಗಲಿಲ್ಲ. ರಕ್ತ ತೆಗೆಯುವ ಮುನ್ನ ಇದು ಚಿಕಿತ್ಸೆಯಲ್ಲ ಎಂದು ಬಿಡಿಸಿ ಹೇಳಬೇಕು, ಚೀಟಿ ಓದಿ ತಿಳಿಸಬೇಕು. ಹಂಪಣ್ಣ ತಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠವೇ ಅದು. ಮಸ್ಕಿಯ ಹುಡುಗಿ, ಇಲ್ಲಿಯ ಮಂದಿಯ ಮಾತು ಬಲ್ಲವಳು ಎಂದು ನಂಬಿಯೇ ಅವಳನ್ನು ಈ ಕೆಲಸಕ್ಕೆ ಆರಿಸಿದ್ದರು. ಆದರೆ ಹೋದ ವರ್ಷ, ತೊಂಬತ್ತೆರಡರ ಆ ಸಂಜೆ, ರಾಯಚೂರಿನಿಂದ ಬೆಂಗಳೂರಿಗೆ ಹೋಗುವ ರೈಲಿಗೆ ಹೊತ್ತಾಗಿತ್ತು. ರಕ್ತ ಬೇಗ ಲ್ಯಾಬ್ ಸೇರದಿದ್ದರೆ ಕಣಗಳು ಸತ್ತುಹೋಗುತ್ತಿದ್ದವು. ಸೂಜಿ ಕಂಡು ಹಿಂಜರಿದ ಗದ್ದೆಮ್ಮ, "ಇದರಿಂದ ಆರಾಮ ಆಗ್ತೈತೇನು?" ಎಂದು ಕೇಳಿದ್ದಳು.

"ಆಗ್ತೈತಿ ಬೇ, ಲಗೂನ ಕೈ ಕೊಡು" ಎಂದಿದ್ದಳು ಕಸ್ತೂರಿ. ಚೀಟಿಯನ್ನು ಮಡಚಿ ಕೈಯಲ್ಲಿಟ್ಟು ಓಡಿದ್ದಳು.

ಹಂಪಣ್ಣ ಬೈಯಲಿಲ್ಲ. "ಸಿರಿಂಜಿನ ಡಬ್ಬಿ ಮುಚ್ಚು" ಎಂದರು, ಅಷ್ಟೇ. ಗದ್ದೆಮ್ಮನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನೇರ ರಾಯಚೂರಿಗೆ ಹೊರಟರು. ಮೊದಲ ಸಲ ಜೀಪು ಹತ್ತಿದ್ದ ಗದ್ದೆಮ್ಮ ದಾರಿಯುದ್ದಕ್ಕೂ ಕುರಿಮಂದೆ ಕಂಡಲ್ಲೆಲ್ಲ ಇಣುಕಿ ನೋಡುತ್ತಿದ್ದಳು. ಕಸ್ತೂರಿ ಮುಚ್ಚಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದಳು.

ಆಸ್ಪತ್ರೆಯ ಡಾಕ್ಟರು ಬ್ಯಾಟರಿ ಹಿಡಿದು ಗದ್ದೆಮ್ಮನ ಬಾಯಿ ನೋಡಿದರು. ಆಮೇಲೆ ಇವರಿಬ್ಬರನ್ನೂ ಹೊರಗೆ ಕರೆದು ಹೇಳಿದರು: "ಹೋದ ವರ್ಷವೇ ಬಂದಿದ್ದರೆ ಉಗುರಿನಷ್ಟು ಕತ್ತರಿಸಿ ತೆಗೆದರೆ ಮುಗಿಯುತ್ತಿತ್ತು. ಈಗ ದವಡೆಯ ಮೂಳೆಗೂ ಇಳಿದಿದೆ. ಹೈದರಾಬಾದಿಗೆ ಒಯ್ಯಿರಿ. ಒಯ್ದರೂ ನಾನು ಭರವಸೆ ಕೊಡಲಾರೆ."

"ಆಕಿಗೆ ನೀನ ಹೇಳಬೇಕು" ಎಂದು ಹಂಪಣ್ಣ ಕಾಗದಪತ್ರ ಮಾಡಿಸಲು ಹೋದರು.

ಕಸ್ತೂರಿ ವರಾಂಡದಲ್ಲಿ ಗದ್ದೆಮ್ಮನ ಎದುರು ನೆಲದ ಮೇಲೆ ಕೂತಳು. "ಯಮ್ಮಾ, ಹೋದ ವರ್ಷ ನಾ ಮಾಡಿದ್ದು ಇಲಾಜಲ್ಲ. ನನ್ನ ಓದಿಗಂತ ನಿನ್ನ ರಕ್ತ ತಗೊಂಡೆ. ಆರಾಮ ಆಗ್ತೈತಿ ಅಂತ ನಿನಗ ಸುಳ್ಳು ಹೇಳಿದೆ. ಆವತ್ತ ನಿನ್ನ ಇಲ್ಲಿಗೆ ಕಳಿಸಿದ್ರ..."

ಗದ್ದೆಮ್ಮನ ಕೈ ತಾನಾಗಿ ಊದಿದ ಕೆನ್ನೆಯ ಮೇಲೆ ಹೋಯಿತು.

"ಓದಿಗೇನು?" ಎಂದಳು. "ಮತ್ತ ಪಾಸಾದೇನು?"

ಕಸ್ತೂರಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಗದ್ದೆಮ್ಮ ಮುಂದೆ ಸರಿದು ತನ್ನ ಸೆರಗಿನಿಂದ ಅವಳ ಕಣ್ಣು ಒರೆಸಿದಳು.

"ಫೇಲಾದ್ರ ಅದಕ್ಯಾಕ ಅಳ್ತೀಯವ್ವಾ? ಇನ್ನೊಮ್ಮೆ ಪರೀಕ್ಷಾ ಕಟ್ಟಿದ್ರಾತು."