ನಾಯಕಿಯ ಎರಡು ಕಣ್ಣು

ಮುಬೀನಾಳ ಮನೆಯ ಮೆಟ್ಟಿಲ ಮೇಲೆ ಕೂತವರ ಕೈಯಲ್ಲೆಲ್ಲ ತೀರಿಕೊಂಡವರ ಫೋಟೊಗಳಿದ್ದವು. ವಾರಪತ್ರಿಕೆಯ ಜಪಾನಿ ಶೈಲಿಯ ಮಾಂಗಾ ಚಿತ್ರಕಥೆಯಲ್ಲಿ ಅವಳು ಎಲ್ಲಾದರೂ ಬಿಡಿಸಿದರೆ ಸಾಕು, ಸತ್ತವರು ಮುಂದಿನ ಸಂಚಿಕೆ ಬರುವ ತನಕ ಮನೆಯಲ್ಲಿ ಓಡಾಡಿಕೊಂಡಿರುತ್ತಿದ್ದರು.

"ನಮ್ಮವ್ವನ್ನ ಬಸ್‌ಸ್ಟ್ಯಾಂಡಿನ ಮೂಲ್ಯಾಗಾರ ನಿಲ್ಲಿಸವ್ವಾ," ಎಂದಳು ಒಬ್ಬಾಕೆ.

"ಈ ವಾರ ಆಗಂಗಿಲ್ಲ," ಎಂದು ಮುಬೀನಾ ಬಾಗಿಲು ಹಾಕಿಕೊಂಡಳು.

ಒಳಗೆ ಕೊಟ್ರೇಶ ಕಥೆ ತಿದ್ದುತ್ತಿದ್ದ. ಕಾಲೇಜಿನಿಂದಲೂ ಅವನು ಬರೆಯುವುದು, ಅವಳು ಬಿಡಿಸುವುದು. ನಿಮ್ಮ ಪುಟಗಳಲ್ಲಿ ಬರೀ ಜನಜಂಗುಳಿ, ನಾಯಕಿ ಒಬ್ಬಳೇ ಇದ್ದರೆ ಮುಖಪುಟ ಕೊಡುತ್ತೇನೆ ಎಂದು ಸಂಪಾದಕರು ಹೇಳಿ ಕಳಿಸಿದ್ದರು.

"ನಾಯಕಿ ಒಬ್ಬಾಕಿನ್ನೇ ಬಿಡಿಸು," ಎಂದ ಕೊಟ್ರೇಶ. "ಇದಕ್ಕೇ ಅಲ್ಲೇನು ನಾವು ಇಷ್ಟ್ ದಿನ ಒದ್ದಾಡಿದ್ದು?"

"ಆ ಗುಂಪಿನಾಗ ನೀನೂ ಅದೀ."

ಹೋದ ವರ್ಷ ಅವನು ಬೈಕಿನಿಂದ ಬಿದ್ದು ತೀರಿಕೊಂಡಾಗಿನಿಂದ ಅವಳು ವಾರವಾರವೂ ಅವನನ್ನು ಗುಂಪಿನ ಹಿಂದೆಲ್ಲೋ ನಿಲ್ಲಿಸುತ್ತಿದ್ದಳು.

"ಗೊತ್ತೈತಿ. ಬಿಡಿಸು."

ಮುಬೀನಾ ನಾಯಕಿಯನ್ನಷ್ಟೇ ಬಿಡಿಸಿದಳು. ಕೊನೆಗೆ ಅವಳ ಒಂದು ಅಗಲವಾದ ಕಣ್ಣಿನ ಹೊಳಪಿನೊಳಗೆ, ಯಾರಿಗೂ ಗೊತ್ತಾಗದಷ್ಟು ಸಣ್ಣದಾಗಿ, ಕೊಟ್ರೇಶನನ್ನು ನಿಲ್ಲಿಸಿದಳು. ಎರಡು ಕಣ್ಣೂ ಒಂದೇ ಥರ ಇರಬೇಕೆಂಬುದು ಕೈಗೆ ಕೂತ ಅಭ್ಯಾಸ. ಹಾಳೆ ಮಗುಚಿ ಇನ್ನೊಂದು ಕಣ್ಣಿಗೂ ಅದನ್ನೇ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲವಾಗಿ, ಇಳಿಸಿದಳು.

ಸಂಚಿಕೆ ಬಂದ ಬೆಳಿಗ್ಗೆ ಮುಖಪುಟದ ತುಂಬ ನಾಯಕಿಯೇ ಇದ್ದಳು. ಓಣಿಯ ಮನೆಮನೆಯಿಂದ ಅಳು ಕೇಳುತ್ತಿತ್ತು. ಮುಬೀನಾ ಕೋಣೆಯ ಬಾಗಿಲು ತೆಗೆದಳು. ಕೊಟ್ರೇಶ ಕೂತು ಕಥೆ ಬರೆಯುತ್ತಿದ್ದ. ಎದುರಿಗೆ ಇನ್ನೊಬ್ಬ ಕೊಟ್ರೇಶ ಕೂತು ಅದೇ ಸಾಲನ್ನು ಎಡಗೈಯಲ್ಲಿ ಬರೆಯುತ್ತಿದ್ದ.

ಇಬ್ಬರೂ ತಲೆಯೆತ್ತಿ ಅವಳನ್ನು ನೋಡಿದರು.

"ಮುಂದಿನ ವಾರ," ಎಂದರು ಒಂದೇ ದನಿಯಲ್ಲಿ, "ನನ್ನೊಬ್ಬನ್ನೇ ಬಿಡಿಸು."